ಮುಂಬಯಿ ದರ್ಶನ ಮೀಮಾಂಸೆ

ಪ್ರವಾಸಿಶಾಸ್ತ್ರದ ಆದಿಪುರುಷ ಯಾರು ಎಂಬ ಪ್ರಶ್ನೆ ವಿದ್ವಾಂಸರನ್ನು ಇದುವರೆಗೆ ಕಾಡಿಲ್ಲ. ಕಾಡಬೇಕಿತ್ತು. ಕಾಡದೆ ಉಳಿದದ್ದರಿಂದಲೇ ಈ ಮಹಾಪ್ರಬಂಧಕ್ಕೆ ಅವಕಾಶ ಸಿಕ್ಕಿತು.

ಮುಂಬಯಿಯ ಮಟ್ಟಿಗೆ ಆದಿಪ್ರವಾಸಿ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್ ಎಂಬುದು ನಮ್ಮ ನಿಲುವು. 1911ರ ಡಿಸೆಂಬರಿನಲ್ಲಿ ರಾಣಿ ಮೇರಿಯೊಡನೆ ಆತ ಅಪೋಲೋ ಬಂದರಿನಲ್ಲಿ ಇಳಿದಾಗ ಗೇಟ್‌ವೇ ಆಫ್ ಇಂಡಿಯಾ ಇರಲಿಲ್ಲ. ರಟ್ಟಿನದೊಂದು ಮಾದರಿ ಇತ್ತು. ದೊರೆ ಅದನ್ನು ನೋಡಿ ದೆಹಲಿ ದರ್ಬಾರಿಗೆ ಹೊರಟುಹೋದ. ಅಡಿಗಲ್ಲು ಬಿದ್ದದ್ದು 1913ರಲ್ಲಿ. ಜಾರ್ಜ್ ವಿಟೆಟ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಕಲ್ಲಿನ ಕಮಾನು ಮೇಲೆದ್ದು, ಉದ್ಘಾಟನೆ ಆಗುವ ಹೊತ್ತಿಗೆ 1924 ಮುಗಿಯುತ್ತ ಬಂದಿತ್ತು. 1948ರ ಫೆಬ್ರವರಿಯಲ್ಲಿ ಬ್ರಿಟಿಷರ ಕೊನೆಯ ಸೈನಿಕರು ಅದೇ ಕಮಾನಿನಡಿ ಕವಾಯತು ಮಾಡಿ ಹಡಗು ಹತ್ತಿದರು. ಬಂದಾಗ ಬಾಗಿಲಿರಲಿಲ್ಲ, ಬಾಗಿಲಾದ ಮೇಲೆ ಹೊರಡಬೇಕಾಯಿತು.

ಇದರಿಂದ ಸಿದ್ಧವಾಗುವ ಸೂತ್ರ: ಪ್ರವಾಸಿಗೆ ತೋರಿಸುವುದು ರಟ್ಟನ್ನು. ಇನ್ನು ಮುಂದೆ ಇದನ್ನು ರಟ್ಟುಸೂತ್ರ ಎಂದು ಕರೆಯಲಾಗುವುದು. ಈಗ ಇದರ ಭಾಷ್ಯ.

ಆಕರಗಳ ಬಗ್ಗೆ ಎರಡು ಮಾತು. ಲಿಖಿತ ಆಕರಗಳಿಗೆ ಬರವಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ ಇದೆ, ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳಿವೆ. ಆದರೆ ಪ್ರವಾಸಿಯಾಗಿ ಹೊರಟವರು ಇವನ್ನು ಮುಂಚೆ ಓದಕೂಡದೆಂಬುದು ಶಾಸ್ತ್ರದ ವಿಧಿ. ಓದಿ ಹೋದವನಿಗೆ ತಾರೆಯರ ಬಂಗಲೆ ಕಾಣಬೇಕಾದ ಕಡೆ ಚಾಳಿನ ಕಿಟಕಿ ಕಾಣಿಸತೊಡಗಿ, ಟಿಕೆಟ್ಟಿನ ದುಡ್ಡು ದಂಡವಾಗುವ ಅಪಾಯವಿದೆ. ಹೀಗಾಗಿ ಈ ಸಂಶೋಧಕ ನೆಚ್ಚಿಕೊಂಡದ್ದು ಬಂಧುಮೂಲವನ್ನು, ಎಂದರೆ ಡೊಂಬಿವಲಿಯ ಸೋದರಮಾವನನ್ನು. ಪ್ರತಿ ಪ್ರವಾಸಿಗೂ ಡೊಂಬಿವಲಿಯಲ್ಲೋ ಬೊರಿವಲಿಯಲ್ಲೋ ಒಬ್ಬ ಸೋದರಮಾವ ಇರುತ್ತಾನೆ. ಇಲ್ಲದಿದ್ದರೆ ಊರಿನವರು ಯಾರದಾದರೂ ಸೋದರಮಾವನ ವಿಳಾಸ ಬರೆದುಕೊಡುತ್ತಾರೆ. ಮುಂಬಯಿಯಲ್ಲೇ ತಲೆ ನರೆಸಿಕೊಂಡ ಈತ ಗೇಟ್‌ವೇ ನೋಡಿರುವುದು ನೆಂಟರು ಬಂದಾಗ ಮಾತ್ರ. ಆದ್ದರಿಂದ ಅವನ ಸಾಕ್ಷ್ಯ ಪಕ್ಷಪಾತವಿಲ್ಲದ್ದು.

ರಟ್ಟುಸೂತ್ರದ ಪ್ರಯೋಗಶಾಲೆ ಎಂದರೆ ‘ಮುಂಬಯಿ ದರ್ಶನ’ ಬಸ್ಸು. ಒಂದೇ ದಿನದಲ್ಲಿ ಮಹಾನಗರವನ್ನು ಮುಗಿಸಿಬಿಡುವುದು ಇದರ ಪ್ರತಿಜ್ಞೆ. ಮಲಬಾರ್ ಹಿಲ್ಲಿನ ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ಇಳಿದವರೆಲ್ಲ ಪ್ರಾಣಿಯಾಕಾರಕ್ಕೆ ಕತ್ತರಿಸಿದ ಗಿಡಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಾಲಡಿಯ ಹುಲ್ಲಿನ ಕೆಳಗಿರುವುದು ಊರಿಗೆ ಕುಡಿಯುವ ನೀರು ಕೊಡುವ ಜಲಾಶಯ. ಅದರ ನೆತ್ತಿಯ ಮೇಲೆ ತೋಟ ಮಾಡಿದ್ದು 1881ರ ಸುಮಾರಿಗೆ. ನೀರಿನ ವಿಷಯ ಗೈಡು ಹೇಳುವುದಿಲ್ಲ. ಹೇಳಿದರೂ ಅದು ಫೋಟೊದಲ್ಲಿ ಬರುವುದಿಲ್ಲ. ಅಲ್ಲಿಂದ ಬಾಂದ್ರಾಕ್ಕೆ ಹೋಗಿ ನಟರೊಬ್ಬರ ಮನೆಯ ಮುಂದೆ ಬಸ್ಸು ನಿಧಾನಿಸುತ್ತದೆ. ಎಲ್ಲರೂ ಎಡಗಡೆಗೆ ವಾಲುತ್ತಾರೆ, ಬಸ್ಸೂ ವಾಲುತ್ತದೆ. ಕಂಡದ್ದು ಗೇಟು. ಗೇಟಿನ ದರ್ಶನವಾದವರು ಊರಿಗೆ ಮರಳಿ ನಟನನ್ನೇ ಕಂಡೆವೆಂದು ಹೇಳಿಕೊಳ್ಳಬಹುದು. ಶಾಸ್ತ್ರದಲ್ಲಿ ಇದಕ್ಕೆ ಮನ್ನಣೆಯಿದೆ.

ಘಾರಾಪುರಿಯದು ಇನ್ನೂ ಗಹನವಾದ ಪ್ರಕರಣ. ಗೇಟ್‌ವೇಯಿಂದ ದೋಣಿಯಲ್ಲಿ ಗಂಟೆ ಹೊತ್ತು ಹೋಗಬೇಕು. ಅಲ್ಲೊಂದು ಕಲ್ಲಾನೆ ಇತ್ತೆಂದು ಪೋರ್ಚುಗೀಸರು ದ್ವೀಪವನ್ನು ಎಲಿಫೆಂಟಾ ಎಂದರು. ಆ ಆನೆ ಈಗ ಬೈಕಲಾದ ರಾಣಿಬಾಗಿನಲ್ಲಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ. ಅಂದರೆ ಆನೆ ಊರಿನಲ್ಲಿದೆ, ಆನೆ ನೋಡಲು ಹೊರಟವನು ಸಮುದ್ರದಲ್ಲಿದ್ದಾನೆ. ಮೂರು ಮುಖದ ಸದಾಶಿವನ ಎದುರು ನಿಂತಾಗ ಮಾತ್ರ ನಮ್ಮ ಸೂತ್ರ ತಬ್ಬಿಬ್ಬಾಗುತ್ತದೆ. ಆ ಕಲ್ಲು ರಟ್ಟಲ್ಲ, ಯಾವ ಕಡೆಯಿಂದ ನೋಡಿದರೂ ಅಲ್ಲ. ಸೂತ್ರಕ್ಕೆ ಅಪವಾದ ಇರಲೇಬೇಕು. ಇಲ್ಲದಿದ್ದರೆ ಅದು ಸೂತ್ರವಲ್ಲ, ಸರಕಾರಿ ಸುತ್ತೋಲೆ. ಅಪವಾದದೆದುರು ಹೆಚ್ಚು ಹೊತ್ತು ನಿಲ್ಲಲು ಕೋತಿಗಳು ಬಿಡುವುದಿಲ್ಲ. ಕೈಯಲ್ಲಿದ್ದ ತಂಪು ಪಾನೀಯದ ಬಾಟಲಿ ಕಿತ್ತುಕೊಂಡು, ಮುಚ್ಚಳ ತಿರುಗಿಸಿ ತೆಗೆದು ಕುಡಿಯುವ ಕೋತಿಯನ್ನು ಕಂಡ ಮೇಲೆ ಆರನೆಯ ಶತಮಾನದ ಶಿಲ್ಪದ ಕಡೆ ಯಾರ ಗಮನವೂ ಹೋಗುವುದಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. “ಸ್ವಾಮಿ, ಮುಂಬಯಿ ಎಂದರೆ ಬಹುಸಂಸ್ಕೃತಿಯ ಊರು. ಕಟ್ಟಡ, ಕೋತಿ ಬಿಡಿ. ಸಂಸ್ಕೃತಿಗಳನ್ನು ತೋರಿಸಿ.”

ತೋರಿಸೋಣ. ಕೋಟೆ ಭಾಗದಲ್ಲಿ ಕಾಲ್ನಡಿಗೆಯಲ್ಲೇ 1718ರ ಸೇಂಟ್ ಥಾಮಸ್ ಇಗರ್ಜಿ, 1884ರ ಯಹೂದಿ ಮಂದಿರ, ಪಾರಸಿಗಳ ಅಗಿಯಾರಿ ಎಲ್ಲವೂ ಸಿಗುತ್ತವೆ. ಅಗಿಯಾರಿಯ ಒಳಗೆ ಪಾರಸಿಗಳಲ್ಲದವರಿಗೆ ಪ್ರವೇಶವಿಲ್ಲ. ಗೋಡೆ ನೋಡಿ ಬರಬೇಕು. ಹಾಜಿ ಅಲಿ ದರ್ಗಾಕ್ಕೆ ಎಲ್ಲರೂ ಹೋಗಬಹುದು, ಆದರೆ ಭರತದ ಹೊತ್ತಿನಲ್ಲಿ ದಾರಿಯೇ ಸಮುದ್ರದಡಿ ಹೋಗುತ್ತದೆ. ಬಾಂದ್ರಾದ ಮೌಂಟ್ ಮೇರಿ ಇಗರ್ಜಿಯ ಹೊರಗೆ ಹರಕೆಗೆಂದು ಮೇಣದ ಕೈ, ಮೇಣದ ಕಾಲು, ಮೇಣದ ಮಗು, ಮೇಣದ ಮನೆ ಮಾರುತ್ತಾರೆ. ಕೊಳ್ಳುವವರಲ್ಲಿ ಹಿಂದೂಗಳಿಗೇನೂ ಕೊರತೆಯಿಲ್ಲ. ಬಾಂದ್ರಾದಲ್ಲಿ ಸಂಬಳದಾರನ ಕೈಗೆಟಕುವ ದರದಲ್ಲಿ ಮನೆ ಸಿಗುವುದು ಅಲ್ಲೊಂದೇ ಎಂಬ ಅರ್ಥಶಾಸ್ತ್ರೀಯ ಕಾರಣವನ್ನು ಇಲ್ಲಿ ದಾಖಲಿಸಬೇಕು.

ಕನ್ನಡ ಪ್ರವಾಸಿಯ ವಿಶೇಷ ಲಕ್ಷಣ ಊಟದ ಹೊತ್ತಿಗೆ ಪ್ರಕಟವಾಗುತ್ತದೆ. ಇರಾನಿ ಹೋಟೆಲಿನ ಬನ್ ಮಸ್ಕಾ ತಿನ್ನಬೇಕು, ಪಾರಸಿಗಳ ಧಾನ್‌ಸಾಕ್ ರುಚಿ ನೋಡಬೇಕು ಎಂದು ಬರೆದುಕೊಂಡು ಬಂದ ಚೀಟಿ ಜೇಬಿನಲ್ಲೇ ಉಳಿದು, ಕಾಲು ತಂತಾನೇ ಮಾಟುಂಗಾ ಸ್ಟೇಷನ್ನಿನ ಕಡೆ ತಿರುಗುತ್ತದೆ. ಅಲ್ಲಿ 1942ರಿಂದ ನಡೆಯುತ್ತಿರುವ ರಾಮಾ ನಾಯಕರ ಬೋರ್ಡಿಂಗಿನಲ್ಲಿ ಬಾಳೆಎಲೆ ಹಾಸಿಸಿಕೊಂಡು ಎರಡನೇ ಸಲ ಸಾರು ಹಾಕಿಸಿಕೊಂಡ ಮೇಲೆ, “ಮುಂಬಯಿ ಊಟ ಏನೂ ಕಷ್ಟ ಇಲ್ಲ” ಎಂದು ತೀರ್ಪು ಕೊಡುತ್ತಾನೆ. ಸಂಜೆ ಇನ್ನೊಂದು ಉಡುಪಿ ಹೋಟೆಲಿನ ಗಲ್ಲೆಯ ಮುಂದೆ ನಿಂತು, ಮನಸ್ಸಿನಲ್ಲೇ ವಾಕ್ಯ ಕಟ್ಟಿಕೊಂಡು, “ಭಾಯಿಸಾಬ್, ಕಿತನಾ ಹುವಾ?” ಎನ್ನುತ್ತಾನೆ. ಗಲ್ಲೆಯಲ್ಲಿ ಕೂತವರು ಚಿಲ್ಲರೆ ಎಣಿಸುತ್ತಲೇ, “ನೂರಾ ನಲವತ್ತು ಆಯ್ತು ಮಾರಾಯ್ರೆ. ನಿಮ್ಗೆ ಊರು ಯಾವ್ದು?” ಎನ್ನುತ್ತಾರೆ. ಹಿಂದಿಯ ತಯಾರಿಯೆಲ್ಲ ವ್ಯರ್ಥ. ಹಗಲೆಲ್ಲ ಇಂಥ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಮೆಟ್ರಿಕ್ ಪಾಸು ಮಾಡಿದ ಕರಾವಳಿಯ ಹುಡುಗರ ಒಂದು ಇಡೀ ಪೀಳಿಗೆ ಈ ಊರಲ್ಲಿತ್ತು. ಆ ರಾತ್ರಿಶಾಲೆಗಳ ಮುಂದೆ ದರ್ಶನದ ಬಸ್ಸು ನಿಧಾನಿಸುವುದಿಲ್ಲ. ಅಲ್ಲಿ ಗೇಟೂ ಅಷ್ಟೇನೂ ಚೆನ್ನಾಗಿರಲಿಲ್ಲವಂತೆ.

ಈಗ ಸಿದ್ಧಾಂತ. ಬಹುಸಂಸ್ಕೃತಿ ಎಂಬ ಪದಾರ್ಥದ ಉದ್ದಗಲಗಳನ್ನು ಅಳೆಯಲು ನಮಗೆ ಸಿಕ್ಕ ಏಕೈಕ ಮಾಪನ ಲೋಕಲ್ ರೈಲಿನ ನಾಲ್ಕನೆಯ ಸೀಟು. ಬೆಂಚು ಮೂವರದು. ಮೂವರು ಕೂತಿರುತ್ತಾರೆ. ನಾಲ್ಕನೆಯವನು ಬಂದು ಅಂಗೈಯಂಚಿನಿಂದ ಗಾಳಿಯನ್ನು ಎರಡು ಸಲ ಒತ್ತುತ್ತಾನೆ. ಮೂವರೂ ತಲೆಯೆತ್ತದೆ ಸರಿಯುತ್ತಾರೆ. ಅರ್ಧ ಕುಂಡೆ ಬೆಂಚಿನ ಮೇಲೆ, ಅರ್ಧ ಶೂನ್ಯದಲ್ಲಿ ಇಟ್ಟು ಅವನು ಕೂರುತ್ತಾನೆ. ಕಿಟಕಿಯ ಬಳಿ ಗುಜರಾತಿ ಪತ್ರಿಕೆ, ಪಕ್ಕದಲ್ಲಿ ಹನುಮಾನ್ ಚಾಲೀಸಾ, ಮೂರನೆಯವನ ತಲೆಯ ಮೇಲೆ ಜಾಳಿಗೆಯ ಟೋಪಿ, ನಾಲ್ಕನೆಯವನು ನಿಮ್ಮ ಸೋದರಮಾವ. ಯಾರು, ಯಾವ ಊರು, ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಒಂದೇ: “ಕಹಾಂ ಉತರೇಗಾ?” ಆ ಪ್ರಶ್ನೆಯ ಹಿಂದೆ ಇರುವುದು ಸ್ನೇಹವಲ್ಲ; ನೀವು ಎದ್ದ ಮೇಲೆ ಆ ಜಾಗ ಯಾರದು ಎಂಬ ಲೆಕ್ಕ. ಸೌಹಾರ್ದದ ಮೇಲೆ ಭಾಷಣ ಮಾಡುವವರು ಈ ಲೆಕ್ಕವನ್ನು ಗಮನಿಸಿದಂತಿಲ್ಲ. ಪ್ರೀತಿಯ ಹಂಗಿಲ್ಲದೆ ಸರಿದು ಜಾಗ ಕೊಡುವ ಜನರನ್ನು ಈ ಸಂಶೋಧಕ ಬೇರೆ ಊರಿನಲ್ಲಿ ಇಷ್ಟು ಸಂಖ್ಯೆಯಲ್ಲಿ ಕಂಡಿಲ್ಲ.

ಐತಿಹಾಸಿಕ ದೃಷ್ಟಿಯಿಂದಲೂ ಇದನ್ನು ಸಮರ್ಥಿಸಬಹುದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲಿಗೆ 14 ಬೋಗಿ, ಮೂರು ಎಂಜಿನು, 400 ಅತಿಥಿಗಳು, 21 ಕುಶಾಲತೋಪು. ಇಂದು ಬೆಳಗಿನ ನೂಕಾಟದಲ್ಲಿ ಅಷ್ಟೂ ಅತಿಥಿಗಳು ಒಂದೇ ಬೋಗಿಯಲ್ಲಿ ಹಿಡಿಯುತ್ತಾರೆ. ತೋಪು ಹಾರಿಸಲು ಕೈ ಎತ್ತುವಷ್ಟು ಜಾಗ ಇರುವುದಿಲ್ಲ.

ಪ್ರವಾಸಿ ಈ ಬೋಗಿಗೆ ಕಾಲಿಟ್ಟ ಕ್ಷಣದಲ್ಲೇ ಅವನ ಪ್ರವಾಸಿತ್ವ ನಾಶವಾಗುತ್ತದೆ. ನೋಡಲು ಕತ್ತು ತಿರುಗುವುದಿಲ್ಲ, ಫೋಟೊಗೆ ಮೊಬೈಲು ಜೇಬಿನಿಂದ ಬರುವುದಿಲ್ಲ. ದಾದರಿನಲ್ಲಿ ಅವನು ಇಳಿಯುವುದಿಲ್ಲ. ಇಳಿಸಲ್ಪಡುತ್ತಾನೆ, ಕೆಲವೊಮ್ಮೆ ಇಳಿಯುವ ಇಚ್ಛೆ ಇಲ್ಲದಿದ್ದಾಗಲೂ. ರಟ್ಟುಸೂತ್ರ ಅಲ್ಲಿಗೆ ನಿಷ್ಫಲ. ಪ್ಲಾಟ್‌ಫಾರ್ಮಿನ ಮೇಲೆ ಒಂದು ಚಪ್ಪಲಿಯಲ್ಲಿ ನಿಂತು ಊರನ್ನು ನೋಡಿದವನಿಗೆ ಗೈಡು ಬೇಕಿಲ್ಲ.

ಆಸಕ್ತ ಸಂಶೋಧಕರಿಗೆ ಸೂಚನೆಗಳು ಇಷ್ಟೇ. ವಿರಾರ್ ಫಾಸ್ಟ್ ಹತ್ತಿ ಬೊರಿವಲಿಯಲ್ಲಿ ಇಳಿಯುತ್ತೇನೆಂದು ಬಾಯಿಬಿಟ್ಟು ಹೇಳಬೇಡಿ. ಸೋದರಮಾವನ ಮನೆಗೆ ಬರಿಗೈಯಲ್ಲಿ ಹೋಗಬೇಡಿ, ಅವನ ಮನೆಯಲ್ಲಿ ಮೂರನೆಯ ರಾತ್ರಿ ತಂಗಬೇಡಿ. ಘಾರಾಪುರಿಗೆ ಸೋಮವಾರ ಹೋಗಬೇಡಿ. ಅಂದು ಗುಹೆಗಳಿಗೆ ರಜೆ.