ಬೇಡವೆಂದರೂ ಬಂದ ರೊಟ್ಟಿ ಮೇಕರ್

ಬುಕ್ ಮಾಡಿ ಕಾದು ಕುಳಿತರೂ ಗ್ಯಾಸ್ ಸಿಲಿಂಡರ್ ಬರುವುದಿಲ್ಲ. ಬೇಡವೆಂದು ಕ್ಯಾನ್ಸಲ್ ಮಾಡಿದ ರೊಟ್ಟಿ ಮೇಕರ್ ಮಾತ್ರ ಮೂರನೇ ಮಹಡಿ ಹತ್ತಿ ಬಂದೇಬಿಟ್ಟಿತು. ದುಡ್ಡು ಆಗಲೇ ಖಾತೆಗೆ ವಾಪಸ್ಸಾಗಿ, ಆ ಖುಷಿಗೆ ಮಸಾಲೆ ದೋಸೆಯನ್ನೂ ತಿಂದಾಗಿತ್ತು. “ಕ್ಯಾನ್ಸಲ್ ಮಾಡಿದೀನಪ್ಪಾ” ಎಂದೆ. “ನನ್ನ ಫೋನಲ್ಲಿ ಡೆಲಿವರಿ ಅಂತಲೇ ಇದೆ ಸಾರ್, ಓಟಿಪಿ ಹೇಳಿ” ಎಂದ ಹುಡುಗ. ಗೋದಾಮು ಬಿಟ್ಟ ಪೆಟ್ಟಿಗೆಗೆ ನಾವು ಒತ್ತಿದ ಗುಂಡಿಯ ಸುದ್ದಿ ಎಷ್ಟೋ ಸಲ ಮುಟ್ಟುವುದೇ ಇಲ್ಲ. ದಿಬ್ಬಣ ಹೊರಟ ಮೇಲೆ ಮದುವೆ ಮುರಿದ ಹಾಗೆ. ಆಗ ಓಟಿಪಿ ಕೊಡದೆ, ಪೆಟ್ಟಿಗೆ ಬಿಚ್ಚದೆ ಬಾಗಿಲಲ್ಲೇ ‘ಬೇಡ’ ಎಂದರಾಯಿತು, ಮಾರಿದವರಿಗೇ ವಾಪಸ್ಸು ಹೋಗುತ್ತದೆ. ಹೇಳುವುದು ಸುಲಭ. ಒಳಗಿಂದ ಬಂದ ನನ್ನವಳು ಪೆಟ್ಟಿಗೆಯನ್ನೊಮ್ಮೆ ಅಲ್ಲಾಡಿಸಿ, “ಬಂದಿದ್ದು ಬಂತು, ಒಂದ್ಸಲ ನೋಡೋಣ್ವಾ?” ಎಂದು ಪಕ್ಷಾಂತರ ಮಾಡಿದಳು. ನಾನು ಗಂಟಲು ಸರಿಮಾಡಿಕೊಂಡು, “ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ” ಎಂದೆ. “ಮಾಡಿ ಸಾರ್, ಅಷ್ಟರಲ್ಲಿ ಒಂದು ಲೋಟ ನೀರು ಸಿಗುತ್ತಾ? ಲಿಫ್ಟ್ ಕೆಟ್ಟಿದೆ” ಎಂದ. ನೀರಿನ ಜೊತೆ ಚಕ್ಕುಲಿಯೂ ಹೋಯಿತು. ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿಯುತ್ತಾ ಹುಡುಗ ಕೇಳಿದ: “ನಾಳೆ ಮೇಡಂ ಹೆಸರಲ್ಲಿ ಇನ್ನೊಂದಿದೆ ಸಾರ್, ಅದನ್ನಾದರೂ ತಗೋತೀರಾ?”