ಅಡಿಕೆ ತೋಟದ ಎಕ್ಸೆಲ್ ಫೈಲಿನೊಂದಿಗೆ ಮಾತುಕತೆ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಜಮಾಖರ್ಚನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿರುವ ಎಕ್ಸೆಲ್ ಫೈಲಿನ ಹೆಸರು ‘ತೋಟದ ಲೆಕ್ಕ’. ಊರಿನ ಡೆಸ್ಕ್‌ಟಾಪ್, ಬೆಂಗಳೂರಿನ ಲ್ಯಾಪ್‌ಟಾಪ್, ಒಂದು ಮೊಬೈಲು, ಈ ಮೂರೂ ಕಡೆ ಅದರ ವಾಸ. ಊರಲ್ಲಿ ತಂದೆ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಮಗ. ‘ನಮ್ಮ ಫೈಲು ನಮ್ಮ ಮನೆಯಲ್ಲೇ ಇರಬೇಕು’ ಎಂದು ಮಗರಾಯ ಹಟ ಹಿಡಿದ ಮೇಲೆ ಫೈಲಿನ ಪಾಡೇನಾಯಿತು ಎಂದು ವಿಚಾರಿಸಿದೆವು.

ಈ ಹಟ ಹುಟ್ಟುವ ಮೊದಲು ಎಲ್ಲಿದ್ದಿರಿ?

ಪೆನ್‌ಡ್ರೈವಿನಲ್ಲಿ. ಮಗರಾಯರ ಪ್ಯಾಂಟಿನ ಜೇಬಲ್ಲಿ ರಾತ್ರಿ ಬಸ್ಸಿನ ಪ್ರಯಾಣ. ಆಮೇಲೆ ಇಮೇಲಿನಲ್ಲಿ ‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’ ಅಂತ ಅವತಾರ ಎತ್ತಿದೆ. ಕೊನೆಗೆ ಕ್ಲೌಡು. ಗೂಗಲ್‌ನವರು ಪುಕ್ಕಟೆ ಕೊಡೋದು 15 ಜಿಬಿ. 2021ರ ಜೂನ್‌ನಿಂದ ಫೋಟೊಗಳನ್ನೂ ಅದೇ ಲೆಕ್ಕಕ್ಕೆ ಹಿಡಿದರು. ಡ್ರಾಪ್‌ಬಾಕ್ಸ್‌ನವರು 2019ರಲ್ಲೇ ಪುಕ್ಕಟೆ ಖಾತೆಗೆ ಮೂರೇ ಸಾಧನ ಅಂದಿದ್ದರು. ನಾಮಕರಣದ ವಿಡಿಯೊಗಳು ಕಾಲು ಚಾಚಿ ಮಲಗಿದ ಮೇಲೆ ನನಗೆಲ್ಲಿ ಜಾಗ? ನನ್ನ ತೂಕ ಬರೀ 84 ಕೆಬಿ.

ತಿಂಗಳಿಗಿಷ್ಟು ಅಂತ ದುಡ್ಡು ಕೊಟ್ಟಿದ್ದರೆ ಆಗುತ್ತಿತ್ತಲ್ಲ?

ಆಗ್ತಿತ್ತು. ಆದರೆ ಅವರಿಗೆ ಸ್ವರಾಜ್ಯ ಬೇಕಿತ್ತು. ಅಟ್ಟದಲ್ಲಿದ್ದ ಹಳೇ ಲ್ಯಾಪ್‌ಟಾಪ್ ಇಳಿಸಿ, ಧೂಳು ಹೊಡೆದು, ‘ಇದು ಸರ್ವರ್’ ಅಂತ ಘೋಷಿಸಿದರು. ಅದರ ಬ್ಯಾಟರಿ ಊದಿ ಟಚ್‌ಪ್ಯಾಡ್ ಮೇಲೆದ್ದಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಅದರಲ್ಲಿ ಮೊದಲು ಏನು ಹಾಕಿದರು?

ನೆಕ್ಸ್ಟ್‌ಕ್ಲೌಡ್. ಓನ್‌ಕ್ಲೌಡ್ ಶುರು ಮಾಡಿದ ಫ್ರಾಂಕ್ ಕಾರ್ಲಿಚೆಕ್ ಅವರೇ ಅದರಿಂದ ಹೊರಬಂದು 2016ರಲ್ಲಿ ಕಟ್ಟಿದ್ದು. ಒಳ್ಳೇದೇ, ಬೈಯೋ ಹಾಗಿಲ್ಲ. ಫೈಲು, ಕ್ಯಾಲೆಂಡರು, ಫೋನ್ ನಂಬರು, ವಿಡಿಯೊ ಕಾಲು ಎಲ್ಲ ಇದೆ. ಆದರೆ 84 ಕೆಬಿಯ ನನ್ನೊಬ್ಬನಿಗಾಗಿ ಒಂದು ವೆಬ್‌ಸರ್ವರು, ಒಂದು ಡೇಟಾಬೇಸು, ಒಂದು ಡೊಮೇನು ಎದ್ದು ನಿಂತವು! ಎಲ್ಲ ಸಿದ್ಧವಾದ ಮೇಲೆ ಗೊತ್ತಾಯ್ತು, ಮನೆಗೆ ಸ್ವಂತ ಐಪಿ ವಿಳಾಸವೇ ಇಲ್ಲ. ಇಂಟರ್‌ನೆಟ್ ಕೊಟ್ಟವರು ಒಂದೇ ವಿಳಾಸವನ್ನು ಹತ್ತಾರು ಮನೆಗೆ ಹಂಚಿದ್ದಾರೆ. ಊರಿಂದ ಹಿರಿಯರು ಬಾಗಿಲು ಬಡಿದರೆ ಒಳಗೆ ಕೇಳಿಸೋದೇ ಇಲ್ಲ.

ಸೀಫೈಲ್ ಅಂತೊಂದಿದೆಯಂತಲ್ಲ?

ವೇಗ ಚೆನ್ನಾಗಿದೆ. ಆದರೆ ಸರ್ವರಿನಲ್ಲಿ ನಮ್ಮನ್ನು ತುಂಡು ಮಾಡಿ ಇಡುತ್ತೆ. ನಾಳೆ ಆ ತಂತ್ರಾಂಶ ಕೆಟ್ಟು ನೀವು ನೇರವಾಗಿ ಡಿಸ್ಕ್ ತೆರೆದರೆ ‘ತೋಟದ ಲೆಕ್ಕ’ ಅನ್ನೋ ಹೆಸರೇ ಕಾಣಿಸೋದಿಲ್ಲ. ನನಗೆ ಹೆದರಿಕೆಯಾಯ್ತು.

ಆರ್‌ಸಿಂಕ್?

ಫೈಲು ನಕಲು ಮಾಡೋ 1996ರ ಆಸಾಮಿ, ನನಗೆ ಗೌರವವಿದೆ. ಹೇಳಿದಷ್ಟು ಮಾಡ್ತಾನೆ, ಹೇಳಿದ ದಿಕ್ಕಿಗೆ ಮಾತ್ರ. ಆದರೆ ‘ಡಿಲೀಟ್’ ಅನ್ನೋ ಬಾಲ ಸೇರಿಸಿ ‘ಎಲ್ಲಿಂದ’, ‘ಎಲ್ಲಿಗೆ’ ಅನ್ನೋದನ್ನು ಅದಲುಬದಲು ಬರೆದಿರೋ, ಅದನ್ನೂ ಅಷ್ಟೇ ನಿಷ್ಠೆಯಿಂದ ಮಾಡ್ತಾನೆ.

ಕೊನೆಗೆ ಸಿಂಕ್‌ಥಿಂಗ್.

ಹೌದು. 2013ರಲ್ಲಿ ಯಾಕೋಬ್ ಬೋರ್ಗ್ ಶುರು ಮಾಡಿದ್ದು. ಇದಕ್ಕೆ ಸರ್ವರೇ ಬೇಡ, ಸಾಧನಗಳು ಪರಸ್ಪರ ಪರಿಚಯ ಮಾಡಿಕೊಂಡರೆ ಸಾಕು. ಪರಿಚಯಕ್ಕೆ 56 ಅಕ್ಷರದ ಒಂದು ಗುರುತು, ಏಳೇಳರ ಎಂಟು ಗುಂಪು. ಹಿರಿಯರು ಅದನ್ನು ಫೋನಿನಲ್ಲಿ ಓದಿದರು. ‘ಬಿ ಅಂದ್ರೆ ಬಸವ, ಡಿ ಅಂದ್ರೆ ದನ.’ ‘ಅಪ್ಪಯ್ಯ, ವಾಟ್ಸ್ಯಾಪ್ ಮಾಡು ಮಾರಾಯ’ ಅಂತ ಮಗರಾಯ ಗೋಗರೆಯುವ ಹೊತ್ತಿಗೆ ಅವರು ಆರನೇ ಗುಂಪಿಗೆ ಬಂದಿದ್ದರು. ನೇರ ದಾರಿ ಸಿಗದಿದ್ದರೆ ಸ್ವಯಂಸೇವಕರು ನಡೆಸುವ ರಿಲೇ ಸರ್ವರುಗಳ ಮೂಲಕ ಹೋಗ್ತೀನಿ. ಬೀಗ ಹಾಕಿರ್ತಾರೆ, ನಡುವಿನವರು ಇಣುಕೋ ಹಾಗಿಲ್ಲ.

ಅಲ್ಲಿಗೆ ಸುಖಾಂತ್ಯ ತಾನೇ?

ತಡೀರಿ. ಎರಡೂ ಕಡೆ ಒಂದೇ ಹೊತ್ತಿಗೆ ಆನ್ ಇದ್ದರೆ ತಾನೇ ಭೇಟಿ? ಹಿರಿಯರು ರಾತ್ರಿ ಒಂಬತ್ತಕ್ಕೆ ಡೆಸ್ಕ್‌ಟಾಪ್ ಆರಿಸಿ ಪ್ಲಗ್ಗನ್ನೂ ಕಿತ್ತಿಡ್ತಾರೆ, ಸಿಡಿಲಿನ ಭಯ. ಮಗರಾಯ ಲ್ಯಾಪ್‌ಟಾಪ್ ತೆರೆಯೋದೇ ಹತ್ತಕ್ಕೆ. ಕಡೆಗೆ ಸದಾ ಎಚ್ಚರವಿರಲು ಒಂದು ರಾಸ್ಪ್‌ಬೆರಿ ಪೈ ತಂದರು. ಸರ್ವರ್ ಬೇಡ ಅಂತ ಬಂದವರು ಸರ್ವರ್ ಖರೀದಿಸಿದರು.

(ಈ ಹಂತದಲ್ಲಿ ಪಕ್ಕದಿಂದ ಅದೇ ದನಿಯಲ್ಲಿ ಇನ್ನೊಬ್ಬರು ಕೆಮ್ಮಿದರು.)

ತಾವು ಯಾರು?

ನಾನೂ ತೋಟದ ಲೆಕ್ಕವೇ ಸ್ವಾಮಿ. ಪೂರ್ತಿ ಹೆಸರು ‘ತೋಟದ ಲೆಕ್ಕ ಸಿಂಕ್ ಕಾನ್ಫ್ಲಿಕ್ಟ್’, ಆಮೇಲೆ ತಾರೀಕು, ಗಂಟೆ, ಒಂದಷ್ಟು ಇಂಗ್ಲಿಷ್ ಅಕ್ಷರ. ಹಿರಿಯರು ಮೈಲುತುತ್ತ, ಸುಣ್ಣದ ಖರ್ಚು ಬರೆದದ್ದು ನನ್ನಲ್ಲಿ. ಅದೇ ಹೊತ್ತಿಗೆ ಮಗರಾಯ ಇವನಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಕೂಲಿ ತಿದ್ದಿದರು. ಇಬ್ಬರ ನಡುವೆ ಆಗ ನೆಟ್‌ವರ್ಕ್ ಇರಲಿಲ್ಲ. ಇಬ್ಬರನ್ನೂ ಬೆರೆಸೋ ವಿದ್ಯೆ ಸಿಂಕ್‌ಥಿಂಗ್‌ಗೆ ಗೊತ್ತಿಲ್ಲ. ಕೊನೆಗೆ ತಿದ್ದಿದವನಿಗೆ ಹೆಸರು, ಮೊದಲು ತಿದ್ದಿದವನಿಗೆ ಈ ಬಾಲ.

ನ್ಯಾಯವಾಗಿಯೇ ಇದೆಯಲ್ಲ?

ಎಲ್ಲಿಯ ನ್ಯಾಯ! ಹಿರಿಯರೇ ಕೊನೆಗೆ ತಿದ್ದಿದ್ದು. ಆದರೆ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಸೆಲ್ ಸತ್ತಿದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಅದರ ಗಡಿಯಾರ 2009ಕ್ಕೆ ಹೋಗುತ್ತೆ, ನೆಟ್ ಬರೋವರೆಗೂ ಅಲ್ಲೇ. ಹಾಗಾಗಿ ಅಪ್ಪಯ್ಯ ಯಾವಾಗ ಬರೆದರೂ ಮಗನಿಗಿಂತ ಹಿಂದೆ.

(ಮೂಲ ಫೈಲಿಗೆ) ನಿಮ್ಮ ಕನ್ನಡ ಹೆಸರಿನಿಂದ ತೊಂದರೆಯಾಗಿದೆಯೇ?

ಸ್ವಲ್ಪ. ‘ತೋ’ ಎಂಬುದರ ಆ ದೀರ್ಘವನ್ನು ಯೂನಿಕೋಡಿನಲ್ಲಿ ಇಡಿಯಾಗಿಯೂ ಬರೀಬಹುದು, ಬಿಡಿಸಿ ಮೂರು ತುಂಡಾಗಿಯೂ ಬರೀಬಹುದು. ಹಳೇ ಮ್ಯಾಕ್‌ಗಳು ಬಿಡಿಸಿ ಇಡ್ತಿದ್ದವು. ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಎರಡು. ಸಿಂಕ್‌ಥಿಂಗ್ ಇದನ್ನು ತಾನೇ ಸರಿಪಡಿಸುತ್ತೆ, ಅಷ್ಟು ಮರ್ಯಾದೆ ಕೊಟ್ಟಿದ್ದಾರೆ.

ಮೊಬೈಲಿನಲ್ಲಿ ಹೇಗಿದೆ?

ಆಂಡ್ರಾಯ್ಡ್‌ನ ಅಧಿಕೃತ ಆ್ಯಪ್ 2024ರ ಡಿಸೆಂಬರಿಗೆ ನಿಂತಿತು. ಬೇರೆಯವರು ಅದರ ಕವಲೊಂದನ್ನು ನಡೆಸ್ತಿದ್ದಾರೆ. ಪುಕ್ಕಟೆ ಬರೆದು ಕೊಡುವವರಿಗೂ ಸುಸ್ತಾಗುತ್ತೆ ಅನ್ನೋದು ಪುಕ್ಕಟೆ ಬಳಸುವವರಿಗೆ ಹೊಳೆಯೋದು ಆಗಲೇ.

ಆದರೂ ಮೂರ್ನಾಲ್ಕು ಕಡೆ ಇದ್ದೀರಿ, ಭದ್ರವಾಗಿದ್ದೀರಿ.

ಎಲ್ಲರೂ ಹೀಗೇ ತಿಳ್ಕೊಳ್ತಾರೆ. ಒಂದು ದಿನ ಹಿರಿಯರು ಡೆಸ್ಕ್‌ಟಾಪ್ ಚೊಕ್ಕಟ ಮಾಡಹೊರಟು ನನ್ನನ್ನು ಅಳಿಸಿದರು. ಕ್ಷಣದಲ್ಲಿ ಬೆಂಗಳೂರಲ್ಲೂ ಅಳಿಸಿಹೋದೆ, ಮೊಬೈಲಲ್ಲೂ. ಹೊಂದಿಸು ಅಂದರೆ ಅಳಿಸಿದ್ದನ್ನೂ ಹೊಂದಿಸುತ್ತೆ. ಪುಣ್ಯಕ್ಕೆ ರಾಸ್ಪ್‌ಬೆರಿ ಪೈಯಲ್ಲಿ ಮಗರಾಯ ಹಳೇ ಪ್ರತಿ ಉಳಿಸಿಕೊಳ್ಳುವ ವರ್ಷನಿಂಗ್ ಹಾಕಿದ್ದರು, ಹಾಗಾಗಿ ಬದುಕಿದೆ. ಅದು ಕೂಡ ಬೇರೆ ಸಾಧನದಿಂದ ಬಂದ ಬದಲಾವಣೆಯನ್ನಷ್ಟೇ ಕಾಯುತ್ತೆ. ಆ ಪೈಯಲ್ಲೇ ಕೂತು ಅಳಿಸಿದ್ದರೆ ಅಲ್ಲಿ ಹಳೇ ಪ್ರತಿ ಉಳೀತಿರಲಿಲ್ಲ. ಬ್ಯಾಕಪ್ ಬೇರೆಯೇ ಇಡಬೇಕು ಸ್ವಾಮಿ, ಈ ಗದ್ದಲಕ್ಕೆ ಸೇರದ ಡಿಸ್ಕಿನಲ್ಲಿ.

ಹಾಗಾದರೆ ಓದುಗರು ಯಾವುದನ್ನು ಆರಿಸಬೇಕು?

ನಿಮ್ಮದೇ ಎರಡು-ಮೂರು ಸಾಧನ, ಬರೀ ಫೈಲು ಅಂದರೆ ಸಿಂಕ್‌ಥಿಂಗ್. ಮನೆಮಂದಿಗೆಲ್ಲ ಕ್ಯಾಲೆಂಡರು, ಹಂಚಲು ಲಿಂಕು ಬೇಕು, ಬಂದ ಅಪ್‌ಡೇಟನ್ನೆಲ್ಲ ಹಾಕುವ ಶ್ರದ್ಧೆಯೂ ಇದೆ ಅಂದರೆ ನೆಕ್ಸ್ಟ್‌ಕ್ಲೌಡ್. ಎರಡಕ್ಕೂ ಪುರುಸೊತ್ತಿಲ್ಲವೇ? ಕಂಪನಿಗೆ ದುಡ್ಡು ಕೊಟ್ಟು ಹಾಯಾಗಿರಿ, ಅದರಲ್ಲಿ ನಾಚಿಕೆಯೇನಿಲ್ಲ. ಸ್ವಂತ ಸರ್ವರ್ ಅಂದರೆ ಮಾಡಿದ್ದುಣ್ಣೋ ಮಹರಾಯ.

ಕೊನೆಯದಾಗಿ ಏನಾದರೂ?

(ಇಬ್ಬರೂ ಒಟ್ಟಿಗೆ) ಮಗರಾಯರು ಇದನ್ನು ಓದಿದರೆ, ಮುಂದಿನ ಸಲ ಊರಿಗೆ ಬರುವಾಗ ಅಪ್ಪಯ್ಯನ ಡೆಸ್ಕ್‌ಟಾಪಿಗೆ ಒಂದು ಸೆಲ್ ತರಲಿ. ಸಿಆರ್ 2032 ಅಂತ ಕೇಳಿದರೆ ವಾಚ್ ರಿಪೇರಿ ಅಂಗಡಿಯಲ್ಲೂ ಕೊಡ್ತಾರೆ.