ಖಾನಾಪುರ ಬಸ್ಸಿನಲ್ಲಿ 28 ಗುಳಿಗಿ

ನಮ್ಮ ಮನೆತನದಲ್ಲಿ ಯಾರೂ ಡಾಕ್ಟರ್ ಆಗಲಿಲ್ಲ. ಆ ಕೊರತೆ ತುಂಬುವ ಹೊಣೆ ನನ್ನದು ಅಂತ ನಾನು ತಿಳಿದುಕೊಂಡಿದ್ದೇನೆ, ಮನೆಯವರು ತಿಳಿದುಕೊಂಡಿಲ್ಲ. ಔಷಧದ ಡಬ್ಬಿಯಲ್ಲಿ ಮಡಚಿಟ್ಟ ಸಣ್ಣಕ್ಷರದ ಚೀಟಿಯನ್ನು ನಾನು ಕೊನೆಯ ಸಾಲಿನವರೆಗೆ ಓದುತ್ತೇನೆ. ನೆಗಡಿ ಗುಳಿಗೆಯ ಚೀಟಿ ಓದಿ ಮೂತ್ರಪಿಂಡದ ಚಿಂತೆ ಹಚ್ಚಿಕೊಂಡು, ನೆಗಡಿಯನ್ನೇ ಮರೆತವನು ನಾನು.

ಹೀಗಿರುವಾಗ ನನ್ನ ಹೆಂಡತಿ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾಲಾ-ಎನ್ ಎಂಬ ಗರ್ಭನಿರೋಧಕ ಗುಳಿಗೆ ತಂದಳು. ಎರಡು ಮಕ್ಕಳು ಸಾಕು, ಆದರೆ ಆಪರೇಷನ್ ಸದ್ಯಕ್ಕೆ ಬೇಡ ಎಂಬುದು ಅವಳ ಲೆಕ್ಕ. ಬಿಳಿಯವು 21, ಕಂದು ಬಣ್ಣದವು 7. ಅವತ್ತು ರಾತ್ರಿಯೇ ನಾನು ಮೊಬೈಲ್ ಹಿಡಿದು ಅಧ್ಯಯನಕ್ಕೆ ಕೂತೆ. ಬೆಳಿಗ್ಗೆ ಅವಳು ರೊಟ್ಟಿ ಬಡಿಯುವಾಗ ವರದಿ ಒಪ್ಪಿಸಿದೆ: ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದು ಪುಪ್ಪುಸಕ್ಕೆ ಹೋಗಿ ಕೂತರೆ ಜೀವಕ್ಕೇ ಸಂಚಕಾರ, ಲಕ್ವಾ ಕೂಡ ಹೊಡೆಯಬಹುದು.

"ಬಿಪಿ ನೋಡಿ, ನೂರಾಎಂಟು ಪ್ರಶ್ನಿ ಕೇಳೇ ಕೊಟ್ಟಾರ್ರಿ," ಅಂದಳು ಅವಳು, ರೊಟ್ಟಿಯಿಂದ ಕಣ್ಣೆತ್ತದೆ. "ಬಸುರಾದ್ರ ರಕ್ತ ಹೆಪ್ಪುಗಟ್ಟೂದು ಇದಕ್ಕಿಂತ ಜಾಸ್ತಿ ಅಂತ. ನಿಮ್ಮ ವರದಿಯೊಳಗ ಅದು ಬಂದಿಲ್ಲೇನು?"

ಬಂದಿತ್ತು. ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ, ಗುಳಿಗೆ ತಗೊಳ್ಳದವರಲ್ಲಿ 1ರಿಂದ 5 ಜನಕ್ಕೆ ಹೀಗೆ ಆದರೆ, ತಗೊಳ್ಳುವವರಲ್ಲಿ 3ರಿಂದ 9. ಬಸುರಿಯರಲ್ಲಿ 5ರಿಂದ 20. ಬಾಣಂತನದ ಮೊದಲ ವಾರಗಳ ಅಪಾಯವನ್ನು ವರ್ಷದ ಲೆಕ್ಕಕ್ಕೆ ತಂದರೆ 40ರಿಂದ 65. ನಾನು ಎರಡನೆಯ ಅಂಕಿಯವರೆಗೆ ಓದಿ, ಮುಂದಿನದನ್ನು ಜಾಣತನದಿಂದ ಬಿಟ್ಟಿದ್ದೆ. ಬಸುರಿನಲ್ಲಿ ನನ್ನ ಪಾಲೂ ಇರುತ್ತದಲ್ಲ!

ಮೈಸೂರು ಸಂಸ್ಥಾನದವರು 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿದ್ದರು. ಆಗಿನ್ನೂ ಈ ಗುಳಿಗೆ ಹುಟ್ಟಿರಲಿಲ್ಲ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಆ ಕ್ಲಿನಿಕ್ ತೆರೆದಾಗ ನಮ್ಮ ಬೆಳಗಾವಿ ಮಾತ್ರ ಮುಂಬಯಿ ಪ್ರಾಂತ್ಯದಲ್ಲಿತ್ತು. ನಮ್ಮಜ್ಜನಿಗೆ ಒಂಬತ್ತು ಮಕ್ಕಳಾಗಿದ್ದಕ್ಕೆ ನಮ್ಮ ಮನೆಯಲ್ಲಿ ಇವತ್ತಿಗೂ ಕೊಡುವ ಕಾರಣ ಅದೇ.

ಇರಲಿ. ಹೆಂಡತಿ ತವರಿಗೆ, ಖಾನಾಪುರಕ್ಕೆ, ತಂಗಿಯ ಕೂಸಿನ ತೊಟ್ಟಿಲಿಗೆ ಅಂತ ಹೋದಳು. ಮರುದಿನ ಬೆಳಿಗ್ಗೆ ಫೋನು: "ನನ್ನ ಗುಳಿಗಿ ಕನ್ನಡಿ ಹಿಂದ ಬಿಟ್ಟ ಬಂದೀನ್ರಿ. ನಿನ್ನೀದು ತಪ್ಪೈತಿ. ಬರೂಮುಂದ ತಗೊಂಡ ಬರ್ರಿ, ಮರೀಬ್ಯಾಡ್ರಿ." ನಾನು ಗುಳಿಗೆಯ ಪಟ್ಟಿಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಬೆಳಗಾವಿಯ ಸಿಬಿಟಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆ. ಶಕ್ತಿ ಯೋಜನೆ ಬಂದ ಮೇಲೆ ಆ ಬಸ್ಸಿನಲ್ಲಿ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳುವವರು ನನ್ನಂಥ ನಾಲ್ಕೈದು ಜನ, ಉಳಿದದ್ದೆಲ್ಲ ಹೆಣ್ಣುಮಕ್ಕಳು. ನನ್ನ ಪಕ್ಕದಲ್ಲಿ ಒಬ್ಬ ಮುದುಕಿ, ಮುಂದಿನ ಸೀಟಿನಲ್ಲಿ ಮೂರು ತಿಂಗಳ ಕೂಸು ಹಿಡಿದ ಹುಡುಗಿ, ಅವಳ ಪಕ್ಕ ಚೀಲ ತೊಡೆಯ ಮೇಲಿಟ್ಟುಕೊಂಡ ಒಬ್ಬ ಗಟ್ಟಿ ಹೆಂಗಸು.

ಗೋವಾವೇಸ್ ದಾಟುವಾಗ ಕಂಡಕ್ಟರ್ ಬಂದ. ಕಿಸೆಯಿಂದ ನೋಟು ಎಳೆದೆ. ನೋಟಿನ ಜೊತೆ ಪಟ್ಟಿಯೂ ಬಂದು ಮುದುಕಿಯ ಮಡಿಲಿಗೆ ಬಿತ್ತು.

"ಏನ ಗುಳಿಗಿ ತಮ್ಮಾ ಇವು?"

"ಬಿಪಿದು ಆಯಿ," ಅಂದೆ. ಇಡೀ ಅಧ್ಯಯನ ಮುಗಿಸಿದ ಪಂಡಿತನ ಬಾಯಿಂದ ಗರ್ಭನಿರೋಧಕ ಅನ್ನುವ ಶಬ್ದ ಹೊರಡಲಿಲ್ಲ.

"ಚಲೋ ಆತು ನೋಡು! ನಂದು ಮನ್ಯಾಗ ಉಳಿದೈತಿ. ತಲಿ ಗಿರ್ ಅನ್ನಾಕತ್ತೈತಿ. ಒಂದು ಕೊಡು."

ಬಿಪಿ ಇದ್ದವರಿಗೆ ಈ ಗುಳಿಗೆ ಕೂಡದು ಎಂಬುದು ಚೀಟಿಯಲ್ಲಿ ಓದಿದ್ದು ನೆನಪಿತ್ತು. ನನ್ನ ವಿದ್ಯೆ ಒಬ್ಬರ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಆದರೆ ಅದನ್ನು ಹೇಳಿದ ರೀತಿ ಹೀಗಿತ್ತು: "ಕೊಡಾಕ ಬರಂಗಿಲ್ಲ ಆಯಿ. ಇವು ಗಂಡಸರ ಬಿಪಿದು."

"ಗಂಡಸರ ಬಿಪಿ ಬ್ಯಾರೆ ಇರತೈತೇನೋ? ಒಂದು ಗುಳಿಗಿಗೆ ಇಷ್ಟು ಜಿಪುಣತನ! ಹೋಗ್ಲಿ, ಆ ಕೆಂಪನ್ನದಾದ್ರೂ ಕೊಡು."

ಮುಂದಿನ ಸೀಟಿನ ಗಟ್ಟಿ ಹೆಂಗಸು ಹೊರಳಿದರು. "ಇಲ್ಲಿ ಕೊಡ್ರಿ, ನೋಡೂಣು. ನಾ ಸಿಸ್ಟರ್ ಇದೀನಿ." ಪಟ್ಟಿ ತಿರುವಿ ನೋಡಿ, ನನ್ನನ್ನು ನೋಡಿ, ಮತ್ತೆ ಪಟ್ಟಿ ನೋಡಿದರು. "ಗಂಡಸರ ಬಿಪಿದು ಅಂದ್ರೇನ್ರಿ? ಇದು ಮಾಲಾ ಅಲ್ಲೇನು?"

ಮೊದಲು ಹಿಂದಿನ ಸೀಟು ನಕ್ಕಿತು. ಆಮೇಲೆ ನಗು ಡ್ರೈವರನವರೆಗೆ ಹೋಯಿತು.

ಪೀರನವಾಡಿ ಬರುವಷ್ಟರಲ್ಲಿ ಬಸ್ಸೇ ಆರೋಗ್ಯ ಕೇಂದ್ರವಾಯಿತು. ಸಿಸ್ಟರ್ ಪಟ್ಟಿ ಎತ್ತಿಹಿಡಿದು ಹೇಳತೊಡಗಿದರು. "ಬಿಳಿ ಗುಳಿಗಿಯೊಳಗ ಎರಡು ಹಾರ್ಮೋನ್ ಅದಾವ, ಈಸ್ಟ್ರೋಜೆನ್ ಒಂದು, ಪ್ರೊಜೆಸ್ಟಿನ್ ಒಂದು. ದಿನಾ ಒಂದು ನುಂಗಿದ್ರ ತಲಿಯೊಳಗಿನ ಪಿಟ್ಯುಟರಿ ಗ್ರಂಥಿ ಹುಕುಂ ಕಳಸೂದು ನಿಲ್ಲಸ್ತೈತಿ. ಹುಕುಂ ಬರಲಿಲ್ಲಂದ್ರ ಅಂಡಾಶಯದಿಂದ ತತ್ತಿ ಹೊರಗ ಬರಂಗಿಲ್ಲ."

"ಅಂದ್ರ ಡಿಪೋದಿಂದ ಗಾಡಿನ ಬಿಡಂಗಿಲ್ಲ," ಅಂದ ಕಂಡಕ್ಟರ್.

"ಹೂಂ. ಮ್ಯಾಲ ಗರ್ಭಕೋಶದ ಬಾಯಾಗಿನ ಲೋಳಿನೂ ದಪ್ಪ ಆಗತೈತಿ, ವೀರ್ಯಾಣುಗೆ ದಾಟಾಕ ಆಗಂಗಿಲ್ಲ. ಕೆಂಪು ಗುಳಿಗಿ ಬರೇ ಕಬ್ಬಿಣದ್ದು. ಆ ಏಳು ದಿನದಾಗ ಮುಟ್ಟಾಗತೈತಿ. ದಿನಾ ಬಿಡದ ತಗೊಂಡ್ರ ನೂರರಾಗ ಒಬ್ಬಾಕಿನೂ ಬಸುರಾಗಂಗಿಲ್ಲ. ಆದ್ರ ನಾವು ಮರೀತೀವಲ್ಲ, ಅದಕ್ಕ ವರ್ಷಕ್ಕ ಏಳೆಂಟು ಮಂದಿ ಆಗತಾರ."

ಕೂಸಿನ ಹುಡುಗಿ ಸಣ್ಣ ದನಿಯಲ್ಲಿ ತಾನು ತಗೊಳ್ಳಬಹುದೇ ಅಂತ ಕೇಳಿದಳು. "ಮೊಲಿ ಕುಡಸ್ತಿ ಹೌದಿಲ್ಲೋ? ಕೂಸಿಗೆ ಆರು ತಿಂಗಳಾಗೂತನಕ ಇದು ಬ್ಯಾಡವಾ. ಛಾಯಾ ಅಂತ ಐತಿ, ಅದ್ರಾಗ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕ ಎರಡು, ಆಮ್ಯಾಲ ವಾರಕ್ಕ ಒಂದ." ಹಿಂದಿನಿಂದ ಯಾರೋ ಟಿಬಿ ಗುಳಿಗಿ ನಡೆದಿದೆ ಅಂದರು. ರಿಫಾಂಪಿಸಿನ್ ಇದ್ದರೆ ಮಾಲಾ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೂರ್ಛೆರೋಗದ ಕೆಲವು ಗುಳಿಗೆಗಳದ್ದೂ ಅದೇ ಹಾಡು, ಡಾಕ್ಟರಿಗೆ ಹೇಳಲೇಬೇಕು ಅಂದರು ಸಿಸ್ಟರ್. ಮೀನಖಂಡ ಬಾತು ನೋಯುವುದು, ಎದೆನೋವು, ಉಸಿರು ಕಟ್ಟುವುದು, ಎಂದೂ ಇಲ್ಲದಂಥ ತಲೆನೋವು, ಕಣ್ಣು ಮಂಜಾಗುವುದು, ಇವು ಕಂಡರೆ ಗುಳಿಗೆ ಬಿಟ್ಟು ಅವತ್ತೇ ದವಾಖಾನೆಗೆ ಬರಬೇಕು ಅಂತಲೂ ಹೇಳಿದರು. ನಾನು ಒಂದು ರಾತ್ರಿ ಓದಿ ಹೆಂಡತಿಯನ್ನು ಹೆದರಿಸಲಾಗದ ವಿಷಯವನ್ನು ಈ ತಾಯಿ ಯಾರನ್ನೂ ಹೆದರಿಸದೆ ಮಚ್ಛೆ ದಾಟುವುದರೊಳಗೆ ಮುಗಿಸಿದರು. ನಾನು ವಿಟಿಯು ಗೇಟನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಗಣೇಬೈಲ ಟೋಲ್‌ನಲ್ಲಿ ನನ್ನ ಪಾಳಿ ಬಂತು.

"ಮನಿಯವರಿಗೆ ವಯಸ್ಸೆಷ್ಟ್ರಿ?"

"ಮೂವತ್ತಮೂರು."

"ಬಿಪಿ, ಸಕ್ಕರಿ, ಅರ್ಧ ತಲಿಶೂಲಿ?"

"ಏನೂ ಇಲ್ಲ. ಅರ್ಧ ತಲಿಶೂಲಿ ನನಗೈತಿ. ಕಣ್ಣಮುಂದ ಮಿಂಚಿದಂಗ ಆಗತೈತಿ."

"ನಿಮಗೆ ವಯಸ್ಸು?"

"ನಲವತ್ತೆರಡು."

"ಸಿಗರೇಟ್?" ಅಂಗಿಯ ಇನ್ನೊಂದು ಕಿಸೆ ಅದಕ್ಕೆ ಉತ್ತರ ಕೊಡುತ್ತಿತ್ತು.

"ನೋಡ್ರಿ, 35 ದಾಟಿ ಸಿಗರೇಟ್ ಸೇದೂರಿಗೆ ಈ ಗುಳಿಗಿ ಕೊಡಂಗಿಲ್ಲ. ಮಿಂಚು ಕಾಣೂ ತಲಿಶೂಲಿ ಇದ್ರ ಅಂತೂ ಕೊಡಾಕ ಬರಂಗಿಲ್ಲ, ಲಕ್ವಾದ ಭಯ ಇರತೈತಿ. ನಿಮ್ಮ ಮನ್ಯಾಗ ಈ ಗುಳಿಗಿಗೆ ಲಾಯಕ್ಕಿಲ್ಲದಾವರು ನೀವೊಬ್ಬರ."

ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೂ ಅವರು ಬಿಡಲಿಲ್ಲ. ಕಟ್ಟೆಯ ಮೇಲೆ ಐದು ನಿಮಿಷ ಸುಮ್ಮನೆ ಕೂರಿಸಿ, ಚೀಲದಿಂದ ಮಷೀನು ತೆಗೆದು, ಮೊದಲು ಮುದುಕಿಗೆ ಪಟ್ಟಿ ಕಟ್ಟಿದರು. 130ಕ್ಕೆ 80. "ಆಯಿ, ನಿಮ್ಮ ಬಿಪಿ ಛಲೋ ಐತಿ. ಮುಂಜಾನಿ ಏನೂ ತಿಂದಿಲ್ಲ, ಅದಕ್ಕ ತಲಿ ತಿರಗೈತಿ." ಆಮೇಲೆ ನನಗೆ. 158ಕ್ಕೆ 102. ಇನ್ನೊಮ್ಮೆ ನೋಡಿದರು, ಮಷೀನು ಮಾತು ಬದಲಿಸಲಿಲ್ಲ.

ಮುದುಕಿ ನನ್ನ ಬೆನ್ನು ತಟ್ಟಿದಳು. "ತಮ್ಮ ಸುಳ್ಳ ಹೇಳಿದ್ದಿಲ್ಲ ಬಿಡ್ರಿ. ಬಿಪಿ ಐತೆಪಾ."

ನಾಳೆ ಬೆಳಿಗ್ಗೆ ತಾಲೂಕಾ ಆಸ್ಪತ್ರೆಗೆ ಬಂದು ಮತ್ತೊಮ್ಮೆ ತೋರಿಸಬೇಕು ಅಂತ ಸಿಸ್ಟರ್ ನನ್ನ ಟಿಕೆಟ್ಟಿನ ಹಿಂದೆ ಬರೆದುಕೊಟ್ಟರು. ಹೊರಡುವಾಗ ಹೇಳಿದರು: "ಹೆಂಡ್ತಿ ಮ್ಯಾಲೆ ಇಷ್ಟು ಕಾಳಜಿ ಇದ್ರ ಗಂಡಸರ ಆಪರೇಷನ್ ಮಾಡಿಸ್ಕೋರಿ. ಚಾಕು ಹಚ್ಚಂಗಿಲ್ಲ, ಹೊಲಿಗಿ ಇಲ್ಲ, ಅವತ್ತ ಮನಿಗೆ. ಮೂರು ತಿಂಗಳು ಬಿಟ್ಟು ಒಂದು ಪರೀಕ್ಷಿ, ಅಷ್ಟ. ಶಕ್ತಿ ಗಿಕ್ತಿ ಏನೂ ಹೋಗಂಗಿಲ್ಲ."

ಮನೆಯಲ್ಲಿ ಹೆಂಡತಿ ಪಟ್ಟಿ ಇಸಕೊಂಡು ತಪ್ಪಿದ ಗುಳಿಗೆಯನ್ನು ಅಲ್ಲೇ ನುಂಗಿದಳು. ಒಂದು ತಪ್ಪಿದರೆ ನೆನಪಾದ ಕೂಡಲೇ ತಗೊಂಡು, ಅವತ್ತಿನದನ್ನು ಅದರ ಹೊತ್ತಿಗೇ ತಗೊಂಡರೆ ಸಾಕಂತೆ. ಎರಡೋ ಹೆಚ್ಚೋ ತಪ್ಪಿದರೆ ಒಂದು ವಾರ ಕಾಂಡೋಮ್ ಬೇಕು. ಇದು ನನಗೆ ಗೊತ್ತಿತ್ತು, ಆದರೆ ಅವತ್ತು ಹೇಳುವ ಉಮೇದು ಇರಲಿಲ್ಲ. ಬಸ್ಸಿನ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಕೂಸಿನ ಹುಡುಗಿ ಅದೇ ಓಣಿಯವಳು.

"ಸಿಸ್ಟರ್ ಏನೋ ಆಪರೇಷನ್ ಸುದ್ದಿ ಹೇಳಿದ್ರಂತಲ್ರಿ?" ಅಂದಳು ಹೆಂಡತಿ, ಎಲ್ಲರೂ ಊಟಕ್ಕೆ ಕೂತಾಗ.

2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಆ ಸೊನ್ನೆಯೊಳಗೆ ನಾನು ಬೆಚ್ಚಗೆ ಕೂತಿದ್ದೆ. ಏನು ಹೇಳುವುದು ಅಂತ ತುತ್ತು ಹಿಡಿದು ಯೋಚಿಸುತ್ತಿರುವಾಗ ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಏ, ಹುಚ್ಚಿ! ಅಳಿಯಂದ್ರಿಗೆ ಅದೆಲ್ಲ ಮಾಡಿಸಬ್ಯಾಡ. ಗಂಡಸರ ಸೊಂಟದಾಗಿನ ಕಸುವು ಹೋಗತೈತಿ, ದುಡಿಯಾಕ ಆಗಂಗಿಲ್ಲ."

ಅದು ಶುದ್ಧ ಸುಳ್ಳು ಅಂತ ಒಂದು ತಾಸಿನ ಹಿಂದಷ್ಟೇ ಕೇಳಿ ಬಂದಿದ್ದೆ. ಮದುವೆಯಾದಾಗಿನಿಂದ ಅತ್ತೆಯ ಒಂದು ಮಾತನ್ನೂ ಒಪ್ಪಿದವನಲ್ಲ ನಾನು.

"ಅತ್ತಿಯವರು ಹೇಳೂದು ಖರೇ ಐತಿ," ಅಂದೆ. "ಹಿರ್ಯಾರ ಮಾತು ಮೀರಬಾರದು."

ಅತ್ತೆ ಬಂದು ನನ್ನ ತಾಟಿಗೆ ಮತ್ತೊಂದು ಹೋಳಿಗೆ ಹಾಕಿ, ತುಪ್ಪ ಸುರಿದರು. ಹೆಂಡತಿ ನನ್ನ ಟಿಕೆಟ್ಟು ಹೊರಳಿಸಿ ಓದಿ, ಆ ತುಪ್ಪದ ಹೋಳಿಗೆಯನ್ನು ತಾಟಿನ ಸಮೇತ ತನ್ನ ಕಡೆ ಎಳೆದುಕೊಂಡಳು.